ಕೆಲಸದ ಜಾಗದಲ್ಲಿ ಸಾವಾದರೆ ಪೊಲೀಸರು ಏನು ಮಾಡಬೇಕು, ಮನೆಯವರು ಏನು ಮಾಡಬೇಕು: ಸಮಗ್ರ ಮಾರ್ಗದರ್ಶಿ

ಕಟ್ಟಡದಿಂದ ಬಿದ್ದು, ಮೆಷಿನ್‌ಗೆ ಸಿಕ್ಕಿ, ಕರೆಂಟ್ ಹೊಡೆದು, ಟ್ಯಾಂಕಿನೊಳಗೆ ಉಸಿರುಕಟ್ಟಿ ಸತ್ತವರ ಮನೆಯವರು ಪದೇ ಪದೇ ಒಂದೇ ಕಡೆ ಎಡವುತ್ತಾರೆ. ಸಾವಾದ ದಿನ ಠಾಣೆಯಲ್ಲಿ ಯಾರೋ ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕುತ್ತಾರೆ. ಮಣ್ಣು ಮಾಡಿ, ತಿಥಿ ಮುಗಿಸಿ, ಪರಿಹಾರಕ್ಕೆಂದು ವಕೀಲರ ಹತ್ತಿರ ಹೋದಾಗ ಅದೇ ಕಾಗದ ಎದುರಿಗೆ ಬರುತ್ತದೆ. ಅದರ ಕೊನೆಯ ಸಾಲು ಹೀಗಿರುತ್ತದೆ: "ಸಾವಿನ ಬಗ್ಗೆ ನಮಗೆ ಯಾರ ಮೇಲೂ ಯಾವುದೇ ಅನುಮಾನ ಇರುವುದಿಲ್ಲ." ಕೆಳಗೆ ಹೆಂಡತಿಯ ಹೆಬ್ಬೆಟ್ಟು, ಇಲ್ಲವೇ ಅಣ್ಣನ ಸಹಿ.

ಕೇಸು ಅಲ್ಲಿಂದಲೇ ಸಡಿಲವಾಗಲು ಶುರುವಾಗುತ್ತದೆ. ಆಮೇಲೆ ಸರಿಪಡಿಸಲು ಆಗುವುದೇ ಇಲ್ಲ ಅಂತಲ್ಲ. ಆದರೆ ಮೊದಲ ಎರಡು ದಿನದಲ್ಲಿ ಅರ್ಧ ಗಂಟೆಯಲ್ಲಿ ಆಗುವ ಕೆಲಸಕ್ಕೆ ಆಮೇಲೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕರ್ನಾಟಕದ ಠಾಣೆಗಳಲ್ಲಿ ಕೆಲಸ ನಡೆಯುವ ರೀತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

## ಮೊದಲು ಇದು ಗೊತ್ತಿರಲಿ: ಯುಡಿಆರ್ ಬೇರೆ, ಎಫ್‌ಐಆರ್ ಬೇರೆ

"ಕೇಸ್ ಆಗಿದೆ, ನಂಬರ್ ಕೊಟ್ಟಿದ್ದಾರೆ" ಅಂತ ಮನೆಯವರು ಸಮಾಧಾನದಿಂದ ಹೇಳುತ್ತಾರೆ. ನಂಬರ್ ನೋಡಿದರೆ ಅದು ಯುಡಿಆರ್ ನಂಬರ್ ಆಗಿರುತ್ತದೆ. ಅಂದರೆ ಅಸಹಜ ಸಾವಿನ ದಾಖಲೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಯಂತ್ರದಿಂದ ಅಥವಾ ಅಪಘಾತದಿಂದ ಯಾರಾದರೂ ಸತ್ತರೆ ಪೊಲೀಸರು ಸ್ಥಳಕ್ಕೆ ಹೋಗಿ, ಶವ ನೋಡಿ, ಸಾವಿನ ಮೇಲ್ನೋಟದ ಕಾರಣ ಬರೆಯಬೇಕು. ಯುಡಿಆರ್ ಅಂದರೆ ಅಷ್ಟೇ. ಯಾರ ತಪ್ಪು ಅನ್ನುವುದು ಅಲ್ಲಿ ತೀರ್ಮಾನ ಆಗುವುದಿಲ್ಲ. ಅದರಲ್ಲಿ ಆರೋಪಿ ಅಂತ ಯಾರೂ ಇರುವುದಿಲ್ಲ.

ಎಫ್‌ಐಆರ್ ಅಂದರೆ ಅಪರಾಧ ನಡೆದಿದೆ ಎಂಬ ದಾಖಲೆ. ಕೆಲಸದ ಜಾಗದ ಸಾವುಗಳಲ್ಲಿ ಸಾಮಾನ್ಯವಾಗಿ ಹಾಕುವ ಕಲಂ ಭಾರತೀಯ ನ್ಯಾಯ ಸಂಹಿತೆಯ 106(1), ಅಂದರೆ ನಿರ್ಲಕ್ಷ್ಯದಿಂದ ಸಾವು. ಇದಕ್ಕೆ 5 ವರ್ಷದವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ಕ್ಕಿಂತ ಮುಂಚಿನ ಸಾವಾಗಿದ್ದರೆ ಹಳೆಯ ಐಪಿಸಿ 304ಎ ಅನ್ವಯಿಸುತ್ತದೆ, ಅಲ್ಲಿ ಶಿಕ್ಷೆ 2 ವರ್ಷದವರೆಗೆ. ಇದರ ಜೊತೆಗೆ ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ 289, ಕಟ್ಟಡ ಕಟ್ಟುವ ಅಥವಾ ಕೆಡವುವ ಕೆಲಸದ ನಿರ್ಲಕ್ಷ್ಯಕ್ಕೆ 290 ಸೇರಬಹುದು. ಸಾವಾಗುವ ಸಂಭವ ಇದೆ ಅಂತ ಗೊತ್ತಿದ್ದೂ ಕೆಲಸಕ್ಕೆ ಇಳಿಸಿದ್ದರೆ 105 ಕೂಡ ಬರಬಹುದು, ಅದು ಇನ್ನೂ ಗಂಭೀರ.

ಯುಡಿಆರ್ ಆಗುವುದು ತಪ್ಪಲ್ಲ. ಶುರುವಾಗುವುದೇ ಎಷ್ಟೋ ಸಲ ಅಲ್ಲಿಂದ. ಆದರೆ ವಿಚಾರಣೆಯಲ್ಲಿ ನಿರ್ಲಕ್ಷ್ಯ ಕಂಡರೆ ಎಫ್‌ಐಆರ್ ಆಗಲೇಬೇಕು. ಯುಡಿಆರ್‌ನಲ್ಲೇ ಫೈಲ್ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಮನೆಯವರ ಮೊದಲ ಕೆಲಸ.

## ಕೈಯಲ್ಲಿ ಇರಬೇಕಾದವು

ದೊಡ್ಡ ತಯಾರಿಯೇನೂ ಬೇಕಿಲ್ಲ. ಒಂದು ನೋಟ್‌ಬುಕ್, ಚಾರ್ಜ್ ಇರುವ ಫೋನ್, ಬಿಳಿ ಹಾಳೆಗಳು, ಸತ್ತವರ ಆಧಾರ್, ಅವರ ಮೊಬೈಲ್. ಆ ಮೊಬೈಲ್ ಬಹಳ ಮುಖ್ಯ. ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜ್, ಸಂಬಳ ಬಂದ ಫೋನ್‌ಪೇ ದಾಖಲೆ, ಕೆಲಸದ ಜಾಗದ ಫೋಟೊ, ಎಲ್ಲ ಅದರಲ್ಲೇ ಇರುತ್ತವೆ. "ಅವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಅಂತ ಗುತ್ತಿಗೆದಾರ ಹೇಳಿದರೆ ಉತ್ತರ ಕೊಡುವುದು ಇವೇ. ಫೋನ್ ರೀಸೆಟ್ ಮಾಡಬೇಡಿ, ಸಿಮ್ ಬಂದ್ ಮಾಡಿಸಬೇಡಿ, ಯಾರಿಗೂ ಸುಮ್ನೆ ಕೊಡಬೇಡಿ. ಪೊಲೀಸರು ಕೇಳಿದರೆ ಜಪ್ತಿ ಪಂಚನಾಮೆ (ಸಾಕ್ಷಿಗಳ ಎದುರು ವಶಕ್ಕೆ ಪಡೆದ ಬಗ್ಗೆ ದಾಖಲೆ) ಬರೆಸಿಕೊಂಡು ಕೊಡಿ.

ಜೊತೆಗೆ ತಲೆ ತಣ್ಣಗಿರುವ ಒಬ್ಬರು ಬೇಕು. ಹೆಂಡತಿ, ಅಪ್ಪ, ಅಮ್ಮ ಇವರಿಗೆ ಆ ದಿನ ಏನೂ ತೋಚುವುದಿಲ್ಲ. ಓದು ಬರಹ ಬಲ್ಲ ಒಬ್ಬ ನೆಂಟರು ಅಥವಾ ಗೆಳೆಯರು ಕಾಗದದ ಕೆಲಸವನ್ನಷ್ಟೇ ನೋಡಿಕೊಳ್ಳಲಿ. ಅವರು ಕಂಪನಿಯ ಕಡೆಯವರಾಗಿರಬಾರದು.

## ಹಂತ 1: ಪೊಲೀಸರಿಗೆ ಸುದ್ದಿ, ಜಾಗಕ್ಕೆ ಕಾವಲು

112ಕ್ಕೆ ಕರೆ ಮಾಡಿ. ಕಂಪನಿಯವರು ಆಗಲೇ ಮಾಡಿದ್ದೇವೆ ಅಂದರೂ ನೀವು ಮಾಡಿ. ನಿಮ್ಮ ಫೋನಿನಿಂದ ಹೋದ ಕರೆಯ ಸಮಯ ನಿಮ್ಮ ಬಳಿ ದಾಖಲೆಯಾಗಿ ಉಳಿಯುತ್ತದೆ.

ಜೀವ ಇದೆ ಅನ್ನುವ ಸಣ್ಣ ಆಸೆ ಇದ್ದರೂ ಆಸ್ಪತ್ರೆಯೇ ಮೊದಲು, ಉಳಿದದ್ದೆಲ್ಲ ಆಮೇಲೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯದ ವೈದ್ಯಕೀಯ ದಾಖಲೆ, ಬರೆಯುವಾಗ ಹತ್ತಿರ ನಿಂತು ಕೇಳಿಸಿಕೊಳ್ಳಿ. "ಹೇಗಾಯ್ತು" ಎಂಬ ಡಾಕ್ಟರ ಪ್ರಶ್ನೆಗೆ ಕಂಪನಿಯ ಕಡೆಯವರು "ಬಾತ್‌ರೂಮ್‌ನಲ್ಲಿ ಜಾರಿ ಬಿದ್ದ", "ರಸ್ತೆಯಲ್ಲಿ ಬಿದ್ದ" ಅಂತ ಹೇಳಿಬಿಟ್ಟರೆ ಮೊದಲ ದಾಖಲೆಯೇ ದಾರಿ ತಪ್ಪುತ್ತದೆ. ಎಲ್ಲಿ, ಯಾವ ಕೆಲಸ ಮಾಡುವಾಗ ಅನ್ನುವುದನ್ನು ನಿಮಗೆ ಗೊತ್ತಿರುವಷ್ಟು ಸ್ಪಷ್ಟವಾಗಿ ಬರೆಸಿ.

ಸ್ಥಳದಲ್ಲಿ ಸಾವಾಗಿದ್ದರೆ ಪೊಲೀಸರು ಬರುವ ತನಕ ಶವ, ಏಣಿ, ಹಗ್ಗ, ಮೆಷಿನ್, ವೈರ್ ಯಾವುದನ್ನೂ ಸರಿಸಲು ಬಿಡಬೇಡಿ. ರಕ್ತ ತೊಳೆಯುವುದು, ಮುರಿದ ಸಾರುವೆ ಬಿಚ್ಚುವುದು, ಲಿಫ್ಟ್ ರಿಪೇರಿ ಮಾಡುವುದು ಇವೆಲ್ಲ ಸಾಕ್ಷ್ಯ ಹಾಳು ಮಾಡಿದ ಹಾಗೆ. ತಪ್ಪು ಮಾಡಿದವರನ್ನು ಕಾಪಾಡಲೆಂದು ಹಾಗೆ ಮಾಡಿದರೆ ಅದೇ ಬೇರೆ ಅಪರಾಧ, ನ್ಯಾಯ ಸಂಹಿತೆಯ 238ನೇ ಕಲಂ. ಜಗಳಕ್ಕೆ ಹೋಗಬೇಡಿ. ವಿಡಿಯೊ ಮಾಡಿಕೊಳ್ಳಿ. ದೂರದಿಂದ ಇಡೀ ಜಾಗ, ಹತ್ತಿರದಿಂದ ಒಂದೊಂದು ವಸ್ತು. ಸೈಟ್‌ನ ಮುಂದಿರುವ ಬೋರ್ಡ್ ಬಿಡಬೇಡಿ. ಮಾಲೀಕ, ಬಿಲ್ಡರ್, ಇಂಜಿನಿಯರ್ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಒಂದು ವಿಷಯ ಗಮನಿಸಿ. ಸತ್ತವರ ತಲೆಯ ಮೇಲೆ ಹೆಲ್ಮೆಟ್ ಇತ್ತೇ, ಸೊಂಟಕ್ಕೆ ಬೆಲ್ಟ್ ಇತ್ತೇ, ಕಾಲಲ್ಲಿ ಶೂ ಇತ್ತೋ ಚಪ್ಪಲಿಯೋ? ಇದನ್ನು ಫೋಟೊದಲ್ಲಿ ಹಿಡಿಯಿರಿ. ಘಟನೆ ಆದ ಮೇಲೆ ಹೊಸ ಹೆಲ್ಮೆಟ್ ತಂದು ಪಕ್ಕದಲ್ಲಿಟ್ಟರೆ, "ಕೊಟ್ಟಿದ್ದೆವು, ಅವನೇ ಹಾಕಲಿಲ್ಲ" ಎಂಬ ವಾದಕ್ಕೆ ಅದೇ ಆಧಾರವಾಗುತ್ತದೆ. ನಿಮ್ಮ ಫೋಟೊ ಮೊದಲೇ ಇದ್ದರೆ ಆ ವಾದ ನಿಲ್ಲುವುದಿಲ್ಲ. ಫೋಟೊ ತೆಗೆದ ಫೋನನ್ನು ಕೇಸು ಮುಗಿಯುವ ತನಕ ಮಾರಬೇಡಿ. ಕೋರ್ಟಿಗೆ ಮೂಲ ಫೋನ್ ಮತ್ತು ಫೋಟೊ ಅದರಿಂದಲೇ ಬಂದದ್ದು ಎಂಬ ಪ್ರಮಾಣಪತ್ರ ಬೇಕಾಗಬಹುದು.

## ಹಂತ 2: ದೂರು ಬರೆಯುವುದು

ಇಲ್ಲೇ ಜಾಸ್ತಿ ಜನ ಸೋಲುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಠಾಣೆಗೆ ಹೋದ ತಕ್ಷಣ ರೈಟರ್ ಹಾಳೆ ತೆಗೆದು "ಹೇಳಿ, ನಾನೇ ಬರೀತೀನಿ" ಅನ್ನುತ್ತಾರೆ. ಹೆಚ್ಚಿನವರು ಸಹಾಯ ಮಾಡಲೆಂದೇ ಹೇಳುತ್ತಾರೆ. ಆದರೆ ಅವರಿಗೆ ಅಭ್ಯಾಸವಾಗಿರುವ ಒಕ್ಕಣೆ ಯುಡಿಆರ್‌ನದು. ಅದು ಹೀಗೆ ಬರುತ್ತದೆ:

"ನನ್ನ ಗಂಡ ಕೆಲಸ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಕಾಲು ಜಾರಿ ಮೇಲಿನಿಂದ ಬಿದ್ದು ಮೃತಪಟ್ಟಿರುತ್ತಾರೆ. ಅವರ ಸಾವಿನಲ್ಲಿ ಯಾರ ಮೇಲೂ ಅನುಮಾನ ಇರುವುದಿಲ್ಲ. ಮುಂದಿನ ಕ್ರಮ ಜರುಗಿಸಿ ಶವ ಕೊಡಿಸಬೇಕಾಗಿ ಕೋರಿಕೆ."

ಇದರಲ್ಲಿ "ಆಕಸ್ಮಿಕವಾಗಿ", "ಕಾಲು ಜಾರಿ", "ಅನುಮಾನ ಇರುವುದಿಲ್ಲ" ಈ ಮೂರೂ ನಿಮ್ಮ ಮಾತಲ್ಲ. ಕಾಲು ಜಾರಿದ್ದನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ಬರೆಯಬಾರದು. ಕೊಲೆಯ ಅನುಮಾನ ಇಲ್ಲ ಅನ್ನುವುದು ಒಂದು, ನಿರ್ಲಕ್ಷ್ಯದ ದೂರು ಇಲ್ಲ ಅನ್ನುವುದು ಇನ್ನೊಂದು. ಮನೆಯವರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಸಹಿ ಹಾಕುತ್ತಾರೆ, ಆಮೇಲೆ ಅದನ್ನು ಎರಡನೆಯದಾಗಿ ಓದಲಾಗುತ್ತದೆ.

ಅದೇ ಘಟನೆಯನ್ನು ಹೀಗೆ ಬರೆಯಿರಿ:

"ನನ್ನ ಗಂಡ ಇಂಥ ವಿಳಾಸದ ಕಟ್ಟಡದಲ್ಲಿ, ಇಂಥ ಗುತ್ತಿಗೆದಾರರ ಕೈಕೆಳಗೆ, ಇಷ್ಟು ತಿಂಗಳಿಂದ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಇಂಥ ದಿನ ಸುಮಾರು ಇಷ್ಟು ಗಂಟೆಗೆ ಮೂರನೇ ಮಹಡಿಯಿಂದ ಬಿದ್ದು ಮೃತಪಟ್ಟಿದ್ದಾರೆ ಎಂದು ಜೊತೆಗಿದ್ದ ಇಂಥವರು ಫೋನ್ ಮಾಡಿ ತಿಳಿಸಿದರು. ನಾವು ಹೋಗಿ ನೋಡಿದಾಗ ಅಲ್ಲಿ ಸುರಕ್ಷತಾ ಬಲೆ ಇರಲಿಲ್ಲ, ಅಂಚಿಗೆ ತಡೆ ಇರಲಿಲ್ಲ, ಅವರಿಗೆ ಬೆಲ್ಟ್ ಮತ್ತು ಹೆಲ್ಮೆಟ್ ಕೊಟ್ಟಿರಲಿಲ್ಲ. ಕಟ್ಟಡದ ಮಾಲೀಕರು, ಬಿಲ್ಡರ್, ಗುತ್ತಿಗೆದಾರರು ಹಾಗೂ ಸೈಟ್ ಇಂಜಿನಿಯರ್ ಸುರಕ್ಷತಾ ಕ್ರಮ ಕೈಗೊಳ್ಳದೆ ನಿರ್ಲಕ್ಷ್ಯದಿಂದ ಕೆಲಸ ಮಾಡಿಸಿದ್ದೇ ಸಾವಿಗೆ ಕಾರಣ. ಅವರ ಮೇಲೆ ಕಾನೂನು ಕ್ರಮ ಕೈಗೊಳ್ಳಬೇಕು."

ನಿಮಗೆ ಗೊತ್ತಿರುವುದನ್ನು ಮಾತ್ರ ಬರೆಯಿರಿ. ಬೇರೆಯವರಿಂದ ಕೇಳಿದ್ದಾದರೆ ಯಾರಿಂದ ಕೇಳಿದ್ದು ಅಂತ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ "ಹೆಸರು ತಿಳಿಯದ ಗುತ್ತಿಗೆದಾರ" ಅಂದರೂ ಸಾಕು, ಹೆಸರು ಹುಡುಕುವುದು ತನಿಖಾಧಿಕಾರಿಯ ಕೆಲಸ. ಬರೀ ಸೂಪರ್‌ವೈಸರ್ ಹೆಸರು ಹಾಕಿ ಬಿಡಬೇಡಿ. ಬಲೆ ಹಾಕಲು ಹಣ ಕೊಡಬೇಕಾಗಿದ್ದವರು ಮಾಲೀಕರು, ಬಿಲ್ಡರ್ ಅಲ್ವಾ? ದೂರಿನಲ್ಲಿ ಮೇಲಿನಿಂದ ಕೆಳಗಿನ ತನಕ ಎಲ್ಲರೂ ಇರಲಿ.

ಠಾಣೆಯವರೇ ಬರೆದರೆ ಜೋರಾಗಿ ಓದಿ ಹೇಳಿಸಿಕೊಳ್ಳಿ. ಮೌಖಿಕ ದೂರನ್ನು ಬರೆದುಕೊಂಡು ಓದಿ ಹೇಳಬೇಕೆಂದು ಕಾನೂನೇ ಹೇಳುತ್ತದೆ. ತಪ್ಪಿದ್ದರೆ ಸಹಿಗೆ ಮುಂಚೆ ತಿದ್ದಿಸಿ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. "ಪೋಸ್ಟ್‌ಮಾರ್ಟಂ ತಡ ಆಗುತ್ತೆ, ಸಹಿ ಹಾಕಿ, ಆಮೇಲೆ ಬರೀತೀವಿ" ಅಂದರೂ ಬೇಡ.

ಎರಡು ಪ್ರತಿ ಮಾಡಿ. ಒಂದರ ಮೇಲೆ ಠಾಣೆಯ ಸೀಲು, ದಿನಾಂಕ, ಸಮಯ ಇರುವ ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಸಿಗಬೇಕು, ನಾಗರಿಕ ಸುರಕ್ಷಾ ಸಂಹಿತೆಯ 173(2)ನೇ ಕಲಂ. ಸತ್ತವರ ಕಾನೂನುಬದ್ಧ ವಾರಸುದಾರರು ಈ ಕಾನೂನಿನ ಲೆಕ್ಕದಲ್ಲಿ ಸಂತ್ರಸ್ತರೇ.

ಘಟನೆ ನಡೆದ ಜಾಗ ಬೇರೆ ಠಾಣೆಯ ಸರಹದ್ದಿನಲ್ಲಿದ್ದರೂ ನೀವಿರುವ ಕಡೆಯ ಠಾಣೆ ದೂರು ತೆಗೆದುಕೊಳ್ಳಬೇಕು. ಇದೇ ಝೀರೊ ಎಫ್‌ಐಆರ್. ಗಾಯಾಳು ದೂರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

## ಹಂತ 3: ಶವ ಪಂಚನಾಮೆ

ಪೊಲೀಸರು ಸುತ್ತಮುತ್ತಲಿನ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರಿಗೆ ಶವ ನೋಡಿ, ಗಾಯ, ಮೂಳೆ ಮುರಿತ, ತರಚು, ಸುಟ್ಟ ಗುರುತು ಎಲ್ಲವನ್ನೂ ಬರೆಯುತ್ತಾರೆ. ಇವರೇ ಪಂಚರು. ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅಂದರೆ ಅದರ ಒಂದು ಪ್ರತಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಕಡೆಗೂ ಹೋಗುತ್ತದೆ. ಠಾಣೆಯಲ್ಲಿ ಸಿಗದಿದ್ದರೆ ಅಲ್ಲಿ ಕೇಳಬಹುದು.

ಇಲ್ಲಿ ಆಗುವ ಸಾಮಾನ್ಯ ತಪ್ಪು: ಪಂಚರಾಗಿ ಅದೇ ಕಂಪನಿಯ ಸೆಕ್ಯೂರಿಟಿ ಮತ್ತು ಸ್ಟೋರ್ ಕೀಪರ್ ಸಹಿ ಹಾಕಿರುತ್ತಾರೆ. ಅವರ ಅನ್ನ ಅಲ್ಲೇ ಇರುವಾಗ ನಾಳೆ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಹೊರಗಿನವರನ್ನು ಪಂಚರಾಗಿ ಕರೆಯಿರಿ ಎಂದು ತನಿಖಾಧಿಕಾರಿಗೆ ಮೊದಲೇ ಹೇಳಿ. ಕೇಳದಿದ್ದರೆ ಒಂದು ಸಾಲಿನ ಮನವಿ ಬರೆದು ಕೊಡಿ.

ಮೈಮೇಲಿನ ಬಟ್ಟೆ, ಬೆಲ್ಟ್, ಶೂ, ಕೈಗವಸು ಎಲ್ಲ ಪಂಚನಾಮೆಯಲ್ಲಿ ನಮೂದಾಗಲಿ. ಬಟ್ಟೆಯನ್ನು ಮನೆಗೆ ತಂದು ಸುಡುವುದು ಅಥವಾ ನದಿಗೆ ಬಿಡುವುದು ಬೇಡ. ಕರೆಂಟ್ ಹೊಡೆದ ಕೇಸಿನಲ್ಲಿ ಸುಟ್ಟ ತೂತಿರುವ ಅಂಗಿಯೇ ದೊಡ್ಡ ಸಾಕ್ಷಿ. ಶವ ಪಂಚನಾಮೆಯ ವೇಳೆ ನೆಂಟರ ಹೇಳಿಕೆ ಬರೆದುಕೊಂಡು ಸಹಿ ಕೇಳುತ್ತಾರೆ. ಅಲ್ಲೂ "ಅನುಮಾನ ಇಲ್ಲ" ಎಂಬ ಸಾಲು ನುಸುಳಿರುತ್ತದೆ, ಓದಿ ನೋಡಿ.

## ಹಂತ 4: ಪೋಸ್ಟ್‌ಮಾರ್ಟಂ ಬೇಡ ಅನ್ನಬೇಡಿ

ಮನೆಯವರ ಸಂಕಟ ಅರ್ಥವಾಗುತ್ತದೆ. ದೇಹ ಕೊಯ್ಯುವುದು ಬೇಡ, ಹಾಗೇ ಕೊಟ್ಟುಬಿಡಿ ಅನಿಸುತ್ತದೆ. ಕಂಪನಿಯವರೂ "ಪಾಪ, ಯಾಕೆ ಸುಮ್ನೆ" ಅನ್ನುತ್ತಾರೆ. ಕೆಲವು ಕಡೆ ಪೋಸ್ಟ್‌ಮಾರ್ಟಂ ಬೇಡವೆಂದು ಪತ್ರ ಬರೆಸಿಕೊಳ್ಳುವುದೂ ಉಂಟು. ದಯವಿಟ್ಟು ಕೊಡಬೇಡಿ. ಸಾವು ಯಾವ ಕಾರಣದಿಂದ ಆಯಿತು ಎಂದು ಹೇಳುವ ಮುಖ್ಯ ಡಾಕ್ಟರ ದಾಖಲೆ ಅದೇ. ಕೇಸಿಗೂ ಬೇಕು, ಪರಿಹಾರಕ್ಕೂ ಬೇಕು, ವಿಮೆಗೂ ಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಇದೆ. ಅದಕ್ಕೂ ಸಾವು ಅಪಘಾತದಿಂದಲೇ ಆದದ್ದು ಎಂಬ ದಾಖಲೆ ಕೇಳುತ್ತಾರೆ.

"ಹಾರ್ಟ್ ಅಟ್ಯಾಕ್ ಆಗಿ ಬಿದ್ದ" ಎಂದು ಹೇಳುವ ಕಡೆ ಪೋಸ್ಟ್‌ಮಾರ್ಟಂ ಇನ್ನೂ ಮುಖ್ಯ. ಕರೆಂಟ್ ಹೊಡೆದವರ ಮೈಮೇಲೆ ಕೆಲವೊಮ್ಮೆ ಕಣ್ಣಿಗೆ ಕಾಣುವ ಗಾಯವೇ ಇರುವುದಿಲ್ಲ. ವಿಷಗಾಳಿ ಕುಡಿದವರದ್ದೂ ಹಾಗೇ. ಅನಿಲದ ಅನುಮಾನ ಇದ್ದರೆ ತನಿಖಾಧಿಕಾರಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ. ರಕ್ತ, ಒಳ ಅಂಗಗಳ ಮಾದರಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಹೋಗಬೇಕಾಗುತ್ತದೆ. ಆ ವರದಿ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಪೋಸ್ಟ್‌ಮಾರ್ಟಂ ವರದಿಯಲ್ಲಿ "ಅಭಿಪ್ರಾಯ ಕಾಯ್ದಿರಿಸಿದೆ" ಅಂತ ಇರುತ್ತದೆ, ಗಾಬರಿ ಬೇಡ.

ಊರು ದೂರವಾದರೆ ಶವ ಕೆಡದಂತೆ ಎಂಬಾಮಿಂಗ್ ಮಾಡಿಸುತ್ತಾರೆ. ಅದು ಪೋಸ್ಟ್‌ಮಾರ್ಟಂ ಆದ ಮೇಲೆಯೇ ಆಗಬೇಕು. ಮುಂಚೆ ಮಾಡಿದರೆ ರಾಸಾಯನಿಕ ಪರೀಕ್ಷೆಯೇ ಕೆಡುತ್ತದೆ. ಇನ್ನೊಂದು ಮಾತು: ಸಾಧ್ಯವಾದರೆ ಸುಡುವ ಬದಲು ಹೂಳಿ, ಮರು ಪರೀಕ್ಷೆ ಬೇಕಾದರೆ ದಾರಿ ಉಳಿಯುತ್ತದೆ. ಸಂಪ್ರದಾಯ ಬೇರೆ ಇದ್ದರೆ ಬಲವಂತ ಇಲ್ಲ.

## ಹಂತ 5: ಸ್ಥಳ ಮಹಜರು, ಸಿಸಿಟಿವಿ, ರಿಜಿಸ್ಟರ್

ಮಹಜರಿಗೆ, ಅಂದರೆ ಘಟನೆಯ ಜಾಗ ನೋಡಿ ವಿವರ ಬರೆದುಕೊಳ್ಳಲು, ಪೊಲೀಸರು ಬರುವ ಸಮಯ ಕೇಳಿಕೊಂಡು ನಿಮ್ಮ ಕಡೆಯ ಒಬ್ಬರು ಅಲ್ಲಿರಲಿ. ಎಷ್ಟು ಎತ್ತರ, ತಡೆಗೋಡೆ ಇತ್ತೇ, ಮೆಷಿನ್‌ಗೆ ಗಾರ್ಡ್ ಇತ್ತೇ, ಅರ್ಥಿಂಗ್ ಇತ್ತೇ, ಇವೆಲ್ಲ ಅದರಲ್ಲಿ ಬರಬೇಕು. "ಸದರಿ ಸ್ಥಳವನ್ನು ಪರಿಶೀಲಿಸಲಾಯಿತು" ಎಂದು ನಾಲ್ಕು ಸಾಲಿನಲ್ಲಿ ಮುಗಿದ ಮಹಜರಿನಿಂದ ಏನೂ ಪ್ರಯೋಜನವಿಲ್ಲ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಈಗ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಮಾಡುತ್ತಿದ್ದಾರಾ ನೋಡಿ.

ಸಿಸಿಟಿವಿ ವಿಷಯದಲ್ಲಿ ಒಂದು ದಿನವೂ ತಡ ಬೇಡ. ದೃಶ್ಯ ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್, ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ. ಬಾಯಲ್ಲಿ ಹೇಳಿದರೆ ಸಾಲದು. ತನಿಖಾಧಿಕಾರಿಗೆ ಒಂದು ಅರ್ಜಿ ಬರೆಯಿರಿ: ಇಂಥ ದಿನದ, ಇಷ್ಟರಿಂದ ಇಷ್ಟು ಗಂಟೆಯವರೆಗಿನ ದೃಶ್ಯ, ಇಂಥ ಗೇಟಿನ ಮತ್ತು ಇಂಥ ಶೆಡ್ಡಿನ ಕ್ಯಾಮೆರಾ. ಡಿವಿಆರ್ ಜಪ್ತಿ ಮಾಡಿ ಎಂದು ಕೋರಿ. ದಾಖಲೆ ಹಾಜರುಪಡಿಸಿ ಎಂದು ಕಂಪನಿಗೆ ನೋಟಿಸ್ ಕೊಡುವ ಅಧಿಕಾರ ಅದೇ ಸಂಹಿತೆಯ 94ನೇ ಕಲಂನಲ್ಲಿ ಪೊಲೀಸರಿಗೆ ಇದೆ. ಅದೇ ಅರ್ಜಿಯಲ್ಲಿ ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಗೇಟ್ ಎಂಟ್ರಿ, ಗುತ್ತಿಗೆ ಕರಾರು, ಸುರಕ್ಷತಾ ತರಬೇತಿ ದಾಖಲೆ, ಮೆಷಿನ್ ರಿಪೇರಿ ಲಾಗ್ ಎಲ್ಲ ಕೇಳಿ. ನಾಳೆ ಹೊಸದಾಗಿ ಬರೆದ ಪುಸ್ತಕ ಬರುವುದಕ್ಕಿಂತ ಇವತ್ತಿನ ಪುಸ್ತಕ ಠಾಣೆಗೆ ಬರಲಿ.

ಕಣ್ಣಾರೆ ಕಂಡ ಸಹೋದ್ಯೋಗಿಗಳ ಹೆಸರು, ಊರು, ಫೋನ್ ನಂಬರ್ ಆ ದಿನವೇ ಬರೆದುಕೊಳ್ಳಿ. ಹೊರರಾಜ್ಯದವರಾದರೆ ಎರಡೇ ದಿನದಲ್ಲಿ ಅವರನ್ನು ಬೇರೆ ಸೈಟಿಗೋ ಊರಿಗೋ ಕಳಿಸಿಬಿಡಬಹುದು. ಅವರ ಹೇಳಿಕೆ ಬೇಗ ಪಡೆಯಲು ಪೊಲೀಸರಿಗೆ ಬರೆದು ಕೊಡಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಿಲ್ಲ, ಕಾನೂನು ಅದನ್ನು ಬೇಡ ಅನ್ನುತ್ತದೆ. ಹೆಂಗಸರನ್ನು, 60 ದಾಟಿದವರನ್ನು, ಅಂಗವಿಕಲರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತಿಲ್ಲ. ಮನೆಗೇ ಬಂದು ಕೇಳಬೇಕು.

## ಹಂತ 6: ಎಫ್‌ಐಆರ್ ಮಾಡದಿದ್ದರೆ

"ವರದಿ ಬರಲಿ, ಆಮೇಲೆ ನೋಡೋಣ" ಎಂಬ ಉತ್ತರ ಬಹಳ ಕಡೆ ಸಿಗುತ್ತದೆ. ಇದರಲ್ಲಿ ಒಂದು ಭಾಗಕ್ಕೆ ಕಾನೂನಿನ ಆಸರೆ ಇದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆ ಮಾಡಬಹುದು. 106(1) ಈ ಗುಂಪಿಗೆ ಬರುತ್ತದೆ. ಆದರೆ ಅದು 14 ದಿನದೊಳಗೆ ಮುಗಿಯಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ: "ಪ್ರಾಥಮಿಕ ವಿಚಾರಣೆಗೆ ಅನುಮತಿ ಯಾವ ದಿನ ಪಡೆದಿದ್ದೀರಿ?" ಉತ್ತರ ಬರಹದಲ್ಲಿ ಕೊಡಿ, ಹಿಂಬರಹ ಕೊಡಿ ಎಂದು ಕೇಳಿ. ಬಾಯಿಮಾತಿನ ಉತ್ತರದಿಂದ ಮುಂದೆ ಎಲ್ಲಿಗೂ ಹೋಗಲು ಆಗುವುದಿಲ್ಲ.

ಶಿಕ್ಷಾರ್ಹವಾದ, ಪೊಲೀಸರೇ ನೇರ ತನಿಖೆ ಮಾಡಬಹುದಾದ ಅಪರಾಧ ದೂರಿನಲ್ಲಿ ಕಂಡರೆ ಎಫ್‌ಐಆರ್ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಆದರೂ ಮಾಡದಿದ್ದರೆ ಕ್ರಮ ಹೀಗೆ. ಮೊದಲು ದೂರಿನ ಪ್ರತಿಯನ್ನು ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಾದರೆ ಡಿಸಿಪಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಂಚೆ ರಸೀದಿ ಜೋಪಾನ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 175(3)ರ ಅರ್ಜಿ, ಜೊತೆಗೆ ಅಫಿಡವಿಟ್. ಎಸ್‌ಪಿಗೆ ಬರೆಯದೆ ನೇರ ಕೋರ್ಟಿಗೆ ಹೋದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಈ ಕ್ರಮ ತಪ್ಪಿಸಿ ಸಮಯ ಕಳೆದುಕೊಂಡವರು ಬಹಳ.

ವಕೀಲರಿಗೆ ದುಡ್ಡಿಲ್ಲವೆಂದು ನಿಲ್ಲಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

## ಹಂತ 7: ರಾಜಿ ಮಾತು ಬಂದಾಗ

ಶವಾಗಾರದ ಮುಂದೆಯೇ ಮಾತು ಶುರುವಾಗುತ್ತದೆ. ಒಂದು ಕವರ್, ಒಂದು ಛಾಪಾ ಕಾಗದ, "ಕೇಸ್ ಗೀಸ್ ಬೇಡ, ಮಕ್ಕಳ ಭವಿಷ್ಯ ನೋಡಿ". ಪೊಲೀಸರೇ ನಡುವೆ ಕೂತು ಮಾತಾಡಿಸುವುದೂ ಇದೆ. ಒಂದಂತೂ ಸ್ಪಷ್ಟವಾಗಿರಲಿ. ಪರಿಹಾರ ಎಷ್ಟು ಅಂತ ನಿಗದಿ ಮಾಡುವುದು ಪೊಲೀಸರ ಕೆಲಸವಲ್ಲ, ಅವರಿಗೆ ಆ ಅಧಿಕಾರವೂ ಇಲ್ಲ. ನಿರ್ಲಕ್ಷ್ಯದ ಸಾವಿನ ಅಪರಾಧ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲೂ ಇಲ್ಲ.

ಕಾರ್ಮಿಕ ಪರಿಹಾರ ಕಾನೂನಿನಲ್ಲಿ ಒಂದು ಒಳ್ಳೆಯ ರಕ್ಷಣೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಾವಿನ ಪರಿಹಾರವನ್ನು ಮಾಲೀಕರು ಮನೆಯವರ ಕೈಗೆ ನೇರ ಕೊಟ್ಟು ಮುಗಿಸುವಂತಿಲ್ಲ. ಕಾರ್ಮಿಕ ಇಲಾಖೆಯ ಪರಿಹಾರ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಹಕ್ಕು ಬಿಟ್ಟುಕೊಟ್ಟೆವೆಂದು ಬರೆಸಿಕೊಂಡ ಕರಾರಿಗೂ ಬೆಲೆ ಇಲ್ಲ. ಹಾಗಾಗಿ ಮಣ್ಣು ಮಾಡುವ ಖರ್ಚಿಗೆ ಹಣ ಕೊಟ್ಟರೆ ಪಡೆಯುವುದು ತಪ್ಪಲ್ಲ, ಆದರೆ "ಅಂತ್ಯಕ್ರಿಯೆ ಖರ್ಚಿಗೆ ಇಷ್ಟು" ಎಂದಷ್ಟೇ ರಸೀದಿ ಕೊಡಿ. "ಪೂರ್ಣ ಮತ್ತು ಅಂತಿಮ", "ಮುಂದೆ ಯಾವ ತಕರಾರು ಇಲ್ಲ" ಎಂಬ ಮಾತಿರುವ ಕಾಗದಕ್ಕೆ ಸಹಿ ಬೇಡ.

## ಹಂತ 8: ಪೊಲೀಸರ ಜೊತೆ ಇನ್ನೂ ಯಾರಿಗೆ ಬರೆಯಬೇಕು

ತಾಂತ್ರಿಕ ತಪ್ಪು ಹೇಳಲು ಪೊಲೀಸರು ಬೇರೆ ಇಲಾಖೆಯ ವರದಿಗೆ ಕಾಯುತ್ತಾರೆ. ಕಾರ್ಖಾನೆಯಾದರೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆ. ಕರೆಂಟ್ ಆದರೆ ವಿದ್ಯುತ್ ಪರಿವೀಕ್ಷಣಾಲಯ. ಗಣಿಯಾದರೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಕಟ್ಟಡವಾದರೆ ಕಾರ್ಮಿಕ ಇಲಾಖೆ, ಜೊತೆಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಪೊಲೀಸ್ ದೂರಿನ ಪ್ರತಿ ಲಗತ್ತಿಸಿ ನೀವೇ ಅವರಿಗೆ ಒಂದು ಪತ್ರ ಹಾಕಿ. ಕೆಲಸದ ಜಾಗದೊಳಗೆ ಟಿಪ್ಪರ್, ಫೋರ್ಕ್‌ಲಿಫ್ಟ್ ಹರಿದಿದ್ದರೆ ವಾಹನ ಜಪ್ತಿ ಆಗಬೇಕು, ಮೋಟಾರು ವಾಹನ ನಿರೀಕ್ಷಕರ ವರದಿ ಬೇಕು. ಇಲ್ಲಿ ಮೋಟಾರು ಅಪಘಾತ ಪರಿಹಾರ ಮತ್ತು ಕಾರ್ಮಿಕ ಪರಿಹಾರ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಬಹುದು. ವಕೀಲರನ್ನು ಕೇಳದೆ ಅರ್ಜಿ ಹಾಕಬೇಡಿ.

ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್ ಸಾವನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿ ಬರೀ 106(1) ಸಾಲದು. ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಹಾಕಿಸಿ. ಸತ್ತವರು ಪರಿಶಿಷ್ಟರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಲು ಬರಹದಲ್ಲೇ ಕೋರಿ. ಒಳಚರಂಡಿ ಸಾವಿಗೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. "ಬಾವಿ ಸ್ವಚ್ಛ ಮಾಡಲು ಇಳಿದಿದ್ದ" ಅಂತ ಎಫ್‌ಐಆರ್‌ನಲ್ಲಿ ಬರೆದುಬಿಟ್ಟರೆ ಇದೆಲ್ಲ ಕೈತಪ್ಪುತ್ತದೆ. ಟ್ಯಾಂಕ್ ಯಾವುದು, ಇಳಿಯಲು ಹೇಳಿದವರು ಯಾರು ಅನ್ನುವುದು ಮೊದಲ ದೂರಿನಲ್ಲೇ ಇರಲಿ.

## ಈ ಲಕ್ಷಣ ಕಂಡರೆ ಎಚ್ಚರ

ಎಫ್‌ಐಆರ್‌ನಲ್ಲಿ ದೂರುದಾರರಾಗಿ ಕಂಪನಿಯ ಎಚ್‌ಆರ್ ಹೆಸರಿದೆ. ಆಗ ನಿಮ್ಮ ದೂರು ಎಲ್ಲೋ ಕೆಳಗೆ ಬಿದ್ದಿದೆ ಅಂತ ಅರ್ಥ. ನಿಮ್ಮ ಹೇಳಿಕೆಯನ್ನೂ ದಾಖಲಿಸಿಕೊಳ್ಳಲು ಬರೆದು ಕೊಡಿ.

ಆರೋಪಿ ಪಟ್ಟಿಯಲ್ಲಿ ಜೊತೆ ಕೆಲಸಗಾರನೊಬ್ಬನೇ ಇದ್ದಾನೆ. ಕ್ರೇನ್ ಓಡಿಸಿದವನು, ಸ್ವಿಚ್ ಹಾಕಿದವನು. ಅವನಿಗೂ ತರಬೇತಿ ಕೊಟ್ಟಿರಲಿಲ್ಲ ಅನ್ನುವುದು ಬರದೇ ಹೋದರೆ ಮೇಲಿನವರು ಪಾರಾಗುತ್ತಾರೆ, ಬಡವನೊಬ್ಬ ಜೈಲಿಗೆ ಹೋಗುತ್ತಾನೆ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಸಾವಿನ ಜಾಗ "ಫ್ಯಾಕ್ಟರಿ ಹೊರಗಿನ ರಸ್ತೆ" ಆಗಿದೆ, ಸಮಯ ಶಿಫ್ಟ್ ಮುಗಿದ ಮೇಲಿನದು ಆಗಿದೆ, ಸತ್ತವರ ವಯಸ್ಸು ಬದಲಾಗಿದೆ. 18 ತುಂಬದ ಹುಡುಗರು ಸತ್ತಾಗ ವಯಸ್ಸಿನ ಬಗ್ಗೆ ವಿಶೇಷ ಎಚ್ಚರ ಬೇಕು, ಶಾಲೆಯ ದಾಖಲೆ ತೆಗೆದಿಡಿ. ಎಫ್‌ಐಆರ್ ಕೈಗೆ ಬಂದ ದಿನವೇ ಕೂತು ಓದಿ. ತಪ್ಪಿದ್ದರೆ ಹೆಚ್ಚುವರಿ ಹೇಳಿಕೆ ಕೊಟ್ಟು ಸರಿಪಡಿಸಲು ಕೋರಿ. ಕಲಂ ಕಡಿಮೆ ಹಾಕಿದ್ದರೂ ಹೆದರಬೇಡಿ, ತನಿಖೆ ನಡೆದಂತೆ ಕಲಂ ಸೇರಿಸಲು ಅವಕಾಶ ಇದೆ.

ಮೊದಲೇ "ಅನುಮಾನ ಇಲ್ಲ" ಎಂದು ಸಹಿ ಹಾಕಿಬಿಟ್ಟಿದ್ದರೆ? ಹೊಸ ದೂರು ಬರೆಯಿರಿ. ಯಾವ ಪರಿಸ್ಥಿತಿಯಲ್ಲಿ, ಯಾರು ಬರೆದ ಕಾಗದಕ್ಕೆ ಸಹಿ ಹಾಕಿದಿರಿ, ಈಗ ಏನು ಗೊತ್ತಾಗಿದೆ ಎಂದು ನೇರವಾಗಿ ಬರೆಯಿರಿ. ಎಷ್ಟು ಬೇಗ ಬರೆದರೆ ಅಷ್ಟು ಒಳ್ಳೆಯದು.

## ಹಂತ 9: ಚಾರ್ಜ್‌ಶೀಟ್ ತನಕ ಬೆನ್ನು ಬಿಡಬೇಡಿ

ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕಾದ್ದು ಪೊಲೀಸರ ಕರ್ತವ್ಯ, ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ. ಅವರಾಗಿ ತಿಳಿಸದಿದ್ದರೆ ನೀವು ಪತ್ರ ಹಾಕಿ ಕೇಳಿ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ. ಹೋದ ದಿನ, ಭೇಟಿಯಾದವರ ಹುದ್ದೆ, ಅವರು ಹೇಳಿದ ಮಾತು ನೋಟ್‌ಬುಕ್‌ನಲ್ಲಿ ಬರಲಿ. ತನಿಖಾಧಿಕಾರಿ ವರ್ಗವಾದರೆ ಹೊಸಬರಿಗೆ ಎಲ್ಲ ಅರ್ಜಿಗಳ ಒಂದು ಸೆಟ್ ಕೊಟ್ಟು ಬನ್ನಿ.

ಪರಿಹಾರದ ಅರ್ಜಿಯನ್ನು ಕ್ರಿಮಿನಲ್ ಕೇಸು ಮುಗಿಯುವ ತನಕ ಕಾಯಿಸಬೇಡಿ. ಅದು ಬೇರೆ, ಇದು ಬೇರೆ. ಎಫ್‌ಐಆರ್, ಶವ ಪಂಚನಾಮೆ, ಮಹಜರು, ಪೋಸ್ಟ್‌ಮಾರ್ಟಂ ವರದಿ ಇಷ್ಟು ಸಿಕ್ಕ ಕೂಡಲೇ ಹಾಕಬಹುದು. ಇಎಸ್‌ಐ ಇದ್ದರೆ ಅವಲಂಬಿತರ ಪಿಂಚಣಿ, ಪಿಎಫ್ ಇದ್ದರೆ 7 ಲಕ್ಷದವರೆಗಿನ ಇಡಿಎಲ್‌ಐ ವಿಮೆ ಕೂಡ ವಿಚಾರಿಸಿ.

ಸಾಕ್ಷ್ಯ ಸಾಲದು ಎಂದು ಪೊಲೀಸರು ಬಿ ರಿಪೋರ್ಟ್ (ಕೇಸು ಮುಚ್ಚಲು ಕೋರ್ಟಿಗೆ ಕೊಡುವ ವರದಿ) ಹಾಕಿದರೆ ಕೇಸು ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಅದನ್ನು ಒಪ್ಪುವ ಮುಂಚೆ ಕೋರ್ಟ್ ದೂರುದಾರರಿಗೆ ಅವಕಾಶ ಕೊಡಬೇಕು. ನೋಟಿಸ್ ಬರುವುದು ದೂರಿನಲ್ಲಿ ಬರೆದ ವಿಳಾಸಕ್ಕೆ. ಬಾಡಿಗೆ ಮನೆ ಬದಲಿಸಿ ಊರಿಗೆ ಹೋಗಿದ್ದರೆ ನೋಟಿಸ್ ವಾಪಸ್ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಹೊಸ ವಿಳಾಸ ಮತ್ತು ಫೋನ್ ನಂಬರನ್ನು ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸ್ ಬಂದ ದಿನವೇ ಬಿ ರಿಪೋರ್ಟ್‌ನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ತಕರಾರು ಅರ್ಜಿಗೆ ವಕೀಲರನ್ನು ಕಾಣಿ. ಜಪ್ತಿಯಾಗದ ಡಿವಿಆರ್, ಕೇಳದೇ ಬಿಟ್ಟ ಸಾಕ್ಷಿ, ತರಿಸದ ಇಲಾಖೆ ವರದಿ, ಇವುಗಳಿಗಾಗಿ ನೀವು ಕೊಟ್ಟ ಅರ್ಜಿಗಳ ಸ್ವೀಕೃತಿಗಳನ್ನು ತಕರಾರಿನ ಜೊತೆ ಒಂದೊಂದಾಗಿ ಲಗತ್ತಿಸಿ.